ಮೇಟಗಳ್ಳಿಯಿಂದ ಮೈಸೂರಿಗೆ ಟ್ರಿಪ್ಪು

ಪುಟ್ಟಮಾದಯ್ಯ ಅರಮನೆಗೆ ಹೋಗದ ವಾರವೇ ಇರಲಿಲ್ಲ. ಇಪ್ಪತ್ತೆಂಟು ವರ್ಷದಿಂದ ಅವನು ಟೂರಿಸ್ಟ್ ವ್ಯಾನಿನ ಡ್ರೈವರು. ಬೀದರಿನವರು, ಕೇರಳದವರು, ಗುಜರಾತಿನವರು, ಒಮ್ಮೆ ಜಪಾನಿನವರು ಕೂಡ ಅವನ ವ್ಯಾನಿನಲ್ಲಿ ಬಂದು ಅರಮನೆ ನೋಡಿ ಹೋಗಿದ್ದರು. ಅವರನ್ನು ಬಾಗಿಲ ಹತ್ತಿರ ಇಳಿಸಿ, ವ್ಯಾನನ್ನು ಪಾರ್ಕಿಂಗಿಗೆ ತಿರುಗಿಸಿ, ಸೀಟು ಹಿಂದಕ್ಕೆ ಬಾಗಿಸಿ, ಮುಖದ ಮೇಲೆ ಟವಲ್ ಹಾಕಿಕೊಂಡರೆ ಅವನ ಅರಮನೆ ದರ್ಶನ ಮುಗಿಯಿತು. ಅಲ್ಲಿನ ಯಾವ ಮರದ ನೆರಳು ಹತ್ತು ಗಂಟೆಗೆ ಎಲ್ಲಿ ಬೀಳುತ್ತದೆ, ಹನ್ನೆರಡಕ್ಕೆ ಎಲ್ಲಿಗೆ ಸರಿಯುತ್ತದೆ ಅನ್ನುವುದನ್ನು ಅವನು ಕಣ್ಣು ಮುಚ್ಚಿಕೊಂಡು ಹೇಳಬಲ್ಲ. ಒಳಗೆ ಮಾತ್ರ ಒಂದು ದಿನವೂ ಕಾಲಿಟ್ಟಿರಲಿಲ್ಲ.

ಇದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗದಂತೆ ಅವನೇ ನೋಡಿಕೊಂಡಿದ್ದ. ಮಕ್ಕಳು ಚಿಕ್ಕವರಿದ್ದಾಗ, "ಅಪ್ಪ, ಅರಮನೆ ಒಳಗೆ ಏನೈತೆ?" ಎಂದು ಕೇಳಿದರೆ, ಸೀಟಿನಲ್ಲಿ ಕೂತ ಜನ ಆಡಿದ ಮಾತುಗಳನ್ನೆಲ್ಲ ಕೂಡಿಸಿ ಕತೆ ಕಟ್ಟುತ್ತಿದ್ದ. ಹೊರಗೆ ಬಂದವರೆಲ್ಲ "ಮೇಲ್ಗಡೆ ನವಿಲು ನೋಡಿದ್ರಾ, ಎಷ್ಟೊಂದು ನವಿಲು!" ಅನ್ನುತ್ತಿದ್ದರು. ಹಾಗಾಗಿ ಅರಮನೆಯ ಮೇಲಂತಸ್ತಿನಲ್ಲಿ ರಾಜರ ಕಾಲದಿಂದಲೂ ನವಿಲು ಸಾಕಿದ್ದಾರೆ, ದಿನಾ ಬೆಳಿಗ್ಗೆ ರಾಗಿ ಹಾಕುತ್ತಾರೆ ಎಂದು ಮಕ್ಕಳಿಗೆ ಹೇಳಿದ್ದ. ಮಗಳು ಧರಣಿ ಅದನ್ನು ಶಾಲೆಯಲ್ಲಿ ಹೇಳಿ ಎಲ್ಲರ ನಗೆಗೆ ಈಡಾಗಿ ಬಂದಿದ್ದಳು. ಆಗಲೂ ಪುಟ್ಟಮಾದಯ್ಯ ಬಗ್ಗಿರಲಿಲ್ಲ. "ಅವ್ರು ನೋಡ್ದಾಗ ನವಿಲು ಮಲ್ಗಿದ್ವೇನೋ" ಎಂದುಬಿಟ್ಟಿದ್ದ.

ಗುಟ್ಟು ಹೊರಬಿದ್ದದ್ದು ಅವನ ಹೆಂಡತಿ ಸೋಮಮ್ಮನಿಂದ. ಅವಳು ಕುವೆಂಪುನಗರದ ಒಂದು ನರ್ಸರಿ ಶಾಲೆಯಲ್ಲಿ ಆಯಾ. ಮಕ್ಕಳನ್ನು ಅರಮನೆಗೆ ಪಿಕ್ನಿಕ್ ಕರೆದುಕೊಂಡು ಹೋದ ದಿನ ಇವಳಿಗೆ ಜ್ವರ ಬಂದು ರಜ ಹಾಕಿದ್ದಳು. ಮಾರನೆಯ ದಿನ ಅನನ್ಯ ಅನ್ನುವ ನಾಲ್ಕು ವರ್ಷದ ಹುಡುಗಿ ಇವಳ ಸೆರಗು ಜಗ್ಗಿ, "ಆಯಾ, ನೀನು ಅರಮನೆ ನೋಡೇ ಇಲ್ವಾ? ಮತ್ತೆ ನೀನ್ಯಾಕೆ ಮೈಸೂರಲ್ಲಿದ್ದೀಯಾ?" ಎಂದು ಕೇಳಿತು.

ಸಂಜೆ ಮೇಟಗಳ್ಳಿಯ ಮನೆಯಲ್ಲಿ, ಬುದ್ಧನ ಫೋಟೋ ಮುಂದೆ ದೀಪ ಇಟ್ಟು ಬಂದವಳೇ ಗಂಡನ ಎದುರು ಕೂತಳು.

"ಏನ್ರೀ, ಅರಮನೆ ಒಳಗೆ ಎಂಗೈತೆ?"

"ಏನೈತೆ, ದೊಡ್ಡ ಮನೆ. ಕಂಬ, ಗಾಜು, ನವಿಲು."

"ನೀವು ಒಳೀಕೆ ಓಗಿದ್ದೀರಾ?"

ಪುಟ್ಟಮಾದಯ್ಯ ಚಾ ಲೋಟದೊಳಗೆ ಏನೋ ಬಿದ್ದಿದೆ ಎಂಬಂತೆ ನೋಡತೊಡಗಿದ. ಮೂವತ್ತನಾಲ್ಕು ವರ್ಷ ಸಂಸಾರ ಮಾಡಿದ ಹೆಂಗಸಿಗೆ ಅಷ್ಟು ಸಾಕಾಗಿತ್ತು. ಸೋಮಮ್ಮ ಮೊದಲು ಬಾಯಿ ಮುಚ್ಚಿಕೊಂಡು ನಕ್ಕಳು, ಆಮೇಲೆ ಗೋಡೆಗೆ ಒರಗಿಕೊಂಡು ನಕ್ಕಳು. "ಅಯ್ಯೋ ನನ್ನಪ್ಪ, ರಾಗಿ ಬೇರೆ ಆಕ್ಸಿದ್ರಲ್ರೀ ನವಿಲ್ಗೆ!"

ನಗು ನಿಂತ ಮೇಲೆ ಒಂದೇ ಮಾತು ಹೇಳಿದಳು. "ದೇಶದೋರ್ಗೆಲ್ಲ ಮೈಸೂರು ತೋರ್ಸಿದ್ದೀರಿ. ನಂಗೂ ತೋರ್ಸಿ. ಟೂರ್ನೋರ ತರ. ಲಾಡ್ಜು, ಓಟ್ಲು, ಮ್ಯೂಸಿಯಮ್ಮು, ಎಲ್ಲ ಬೇಕು ನಂಗೆ."

"ಲಾಡ್ಜ್ ಯಾಕೆ? ಬಸ್ಸತ್ತುದ್ರೆ ಅರ್ಧ ಗಂಟೆಗೆ ಮನೆ."

"ಮನೇಗ್ ಬಂದ್ರೆ ಪಾತ್ರೆ ಕಾಣುತ್ತೆ. ಪಾತ್ರೆ ಕಂಡ್ರೆ ನನ್ ಕೈ ಸುಮ್ನಿರಲ್ಲ. ಅದ್ಕೇ ಲಾಡ್ಜು."

ವ್ಯಾನು ಎಂಜಿನ್ ಕೆಲಸಕ್ಕೆಂದು ಗ್ಯಾರೇಜು ಸೇರಿತ್ತು. ಅವನಿಗೆ ವಾರ ರಜ. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ನಿಜ ಹೇಳಬೇಕೆಂದರೆ, ತಪ್ಪಿಸಿಕೊಳ್ಳುವ ಮನಸ್ಸೂ ಅವನಿಗೆ ಅಷ್ಟಾಗಿ ಇರಲಿಲ್ಲ.

ಶನಿವಾರ ಮಧ್ಯಾಹ್ನ ಇಬ್ಬರೂ ಲಷ್ಕರ್ ಮೊಹಲ್ಲಾದ ಒಂದು ಲಾಡ್ಜಿನ ಮುಂದೆ ಆಟೋದಿಂದ ಇಳಿದರು. ಸೋಮಮ್ಮ ಮಗಳ ಮದುವೆಗೆ ತೆಗೆದಿದ್ದ ನೀಲಿ ಸೀರೆ ಉಟ್ಟಿದ್ದಳು. ಧರಣಿ ಕೊಟ್ಟ ಚಕ್ರದ ಪೆಟ್ಟಿಗೆಯನ್ನು ಎಳೆದುಕೊಂಡು ಬಾಗಿಲು ದಾಟುವಾಗ ಅದರ ಸದ್ದಿಗೇ ಅವಳಿಗೆ ನಗು ಬರುತ್ತಿತ್ತು. ಮ್ಯಾನೇಜರು ಆಧಾರ್ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದ.

"ಯಾವೂರಿಂದ ಬಂದ್ರಿ?"

"ಮೇಟಗಳ್ಳಿ," ಎಂದ ಪುಟ್ಟಮಾದಯ್ಯ.

"ಎಲ್ಲಿಗೆ ಬಂದ್ರಿ?"

"ಮೈಸೂರಿಗೆ."

ಮ್ಯಾನೇಜರು ಪೆನ್ನು ಕೆಳಗಿಟ್ಟು ದನಿ ತಗ್ಗಿಸಿದ. "ಮನೇಲಿ ಏನಾದ್ರೂ ತೊಂದ್ರೆನಾ ಸಾರ್? ಸೊಸೆ ಗಿಸೆ..."

"ಯಾವ ಸೊಸೇನೂ ಇಲ್ಲ ಕಣಪ್ಪ," ಎಂದು ಸೋಮಮ್ಮ ಕೌಂಟರಿಗೆ ಮೊಣಕೈ ಊರಿದಳು. "ಟ್ರಿಪ್ಗೆ ಬಂದಿದ್ದೀವಿ. ಎರ್ಡ್ ದಿವ್ಸ ಇರ್ತೀವಿ. ಕಿಟಕಿ ಇರೋ ರೂಮ್ ಕೊಡು."

ಕಿಟಕಿ ಇರುವ ರೂಮೇ ಸಿಕ್ಕಿತು. ಸೋಮಮ್ಮ ಹಾಸಿಗೆಯ ಮೇಲೆ ಕೂತು ಒಮ್ಮೆ ಪುಟಿದಳು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಇನ್ನೊಮ್ಮೆ ಪುಟಿದಳು. ಲಾಡ್ಜಿನ ಹುಡುಗ ಚಾ ತಂದುಕೊಟ್ಟರೆ ಕುಡಿದವಳೇ ಲೋಟ ತೊಳೆಯಲು ಬಚ್ಚಲಿಗೆ ಹೊರಟಳು. "ಇಟ್ಬುಡು ಸೋಮಿ, ಅವ್ರೇ ತೊಳೀತಾರೆ," ಎಂದ ಗಂಡ. ಲೋಟವನ್ನು ಮೇಜಿನ ಮೇಲಿಟ್ಟು ಅವಳು ಅದನ್ನೇ ಸ್ವಲ್ಪ ಹೊತ್ತು ನೋಡಿದಳು. ತೊಳೆಯದೇ ಇಟ್ಟ ಲೋಟ ಇಷ್ಟು ಸುಖ ಕೊಡುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಅರಮನೆಯ ಬಾಗಿಲು ತೆರೆಯುವ ಹೊತ್ತಿಗೆ ಇಬ್ಬರೂ ಟಿಕೆಟಿನ ಸಾಲಿನಲ್ಲಿದ್ದರು. ಒಳಗೆ ಹೋಗುವಾಗ ಪುಟ್ಟಮಾದಯ್ಯನ ಕಾಲು ತಾನಾಗಿ ಪಾರ್ಕಿಂಗಿನ ಕಡೆ ತಿರುಗಿತು. ಸೋಮಮ್ಮ ಅಂಗಿ ಹಿಡಿದು ಎಳೆದಳು. "ಇವತ್ತು ನೀವ್ ಡ್ರೈವರಲ್ಲ ಕಣ್ರೀ. ಗಿರಾಕಿ."

ಚಪ್ಪಲಿ ಬಿಟ್ಟು ತಣ್ಣನೆಯ ನೆಲದ ಮೇಲೆ ನಡೆದು ಕಲ್ಯಾಣ ಮಂಟಪಕ್ಕೆ ಬಂದರು. ಪುಟ್ಟಮಾದಯ್ಯ ತಲೆ ಎತ್ತಿದ.

ಮೇಲೆ ನವಿಲುಗಳಿದ್ದವು. ಗಾಜಿನವು. ಗರಿ ಬಿಚ್ಚಿಕೊಂಡು, ಬೆಳಕನ್ನು ಕುಡಿದು, ನೀಲಿ ಹಸಿರು ಹಳದಿಯನ್ನೆಲ್ಲ ಕೆಳಗೆ ನಿಂತವರ ಮುಖದ ಮೇಲೆ ಸುರಿಯುತ್ತಿದ್ದವು. ಅವನು ತಲೆ ಎತ್ತಿದ್ದು ಎತ್ತಿದ ಹಾಗೇ ಮಂಟಪದ ಸುತ್ತ ಒಂದು ಸುತ್ತು ಬಂದ, ದಪ್ಪನೆಯ ಮನುಷ್ಯರೊಬ್ಬರಿಗೆ ಡಿಕ್ಕಿ ಹೊಡೆದ, ಅವರೂ ಮೇಲೇ ನೋಡುತ್ತಿದ್ದರಿಂದ ಇಬ್ಬರೂ ಕೈ ಮುಗಿದುಕೊಂಡು ಮತ್ತೆ ಮೇಲೇ ನೋಡಿದರು. ಇಪ್ಪತ್ತೆಂಟು ವರ್ಷದಿಂದ ಜನ ಯಾಕೆ ತಡವಾಗಿ ಬರುತ್ತಿದ್ದರೆಂದು ಅವನಿಗೆ ಈಗ ತಿಳಿಯಿತು. ಅವರನ್ನೆಲ್ಲ ಅವನು ಹಾರ್ನ್ ಹೊಡೆದು ಹೊಡೆದು ಬೈದಿದ್ದ. "ಅರ್ಧ ಗಂಟೆ ಅಂದ್ರೆ ಅರ್ಧ ಗಂಟೆ" ಅನ್ನುವುದು ಅವನ ಬಾಯಲ್ಲಿ ಮಂತ್ರವಾಗಿತ್ತು. ಅವರಲ್ಲಿ ಒಬ್ಬರೂ "ಹೋಗಯ್ಯ, ಮೇಲೆ ನೋಡಿದ್ದೀಯಾ ನೀನು?" ಎಂದು ಕೇಳದೆ ಬಿಟ್ಟದ್ದು ದೊಡ್ಡ ಮನಸ್ಸೇ ಸರಿ.

"ರಾಗಿ ತಂದಿದ್ದೀರಾ?" ಎಂದು ಸೋಮಮ್ಮ ಕಿವಿಯಲ್ಲಿ ಕೇಳಿದಳು. ಇಬ್ಬರಿಗೂ ನಗು ತಡೆಯಲಾಗದೆ ಒಂದು ಕಂಬದ ಹಿಂದೆ ಹೋಗಿ ನಿಂತರು.

ಚಿನ್ನದ ಅಂಬಾರಿ, ಬೊಂಬೆಗಳು, ದರ್ಬಾರಿನ ಕಂಬಗಳ ಸಾಲು ಎಲ್ಲ ನೋಡಿ ಹೊರಗೆ ಬರುವಷ್ಟರಲ್ಲಿ ಪುಟ್ಟಮಾದಯ್ಯನಿಗೆ ಭೂಮಿ ಒಂಚೂರು ಕೆಳಗಿದ್ದಂತೆ ಅನ್ನಿಸುತ್ತಿತ್ತು. ಕತ್ತು ನೋಯುತ್ತಿತ್ತು, ಕಣ್ಣಿನೊಳಗೆ ಇನ್ನೂ ಬಣ್ಣ ಕುಣಿಯುತ್ತಿತ್ತು. ಆ ಅಮಲಿನಲ್ಲಿ ಅವನು ನೆಟ್ಟಗೆ ಪಾರ್ಕಿಂಗಿಗೆ ನಡೆದ. ಗಂಡನಿಗೆ ದಾರಿ ಗೊತ್ತಿದೆ ಎಂದುಕೊಂಡು ಸೋಮಮ್ಮ ಹಿಂದೆ ನಡೆದಳು. ದಿನಾ ತನ್ನ ವ್ಯಾನು ನಿಲ್ಲುವ ಜಾಗದಲ್ಲಿ ಒಂದು ಬಿಳೀ ಬಸ್ಸು ನಿಂತಿತ್ತು. ಅದರ ಬಾಗಿಲಲ್ಲಿ, ಕೈಯಲ್ಲಿ ಪಟ್ಟಿ ಹಿಡಿದ, ಕುತ್ತಿಗೆಗೆ ಸೀಟಿ ನೇತುಹಾಕಿಕೊಂಡ ಒಬ್ಬ ಗೈಡು ಕೆಂಪಗಾಗಿ ನಿಂತಿದ್ದ.

"ಏನ್ರೀ ಯಜಮಾನ್ರೇ! ಇಡೀ ಬಸ್ಸು ನಿಮ್ಮಿಬ್ರಿಗೆ ಕಾಯ್ತಿದೆ. ಅರ್ಧ ಗಂಟೆ ಅಂದ್ರೆ ಅರ್ಧ ಗಂಟೆ ಕಣ್ರೀ! ಹತ್ತಿ, ಹತ್ತಿ!"

ಬೇರೆ ಯಾವ ಮಾತಾಗಿದ್ದರೂ ಪುಟ್ಟಮಾದಯ್ಯ ನಿಂತು ಜಗಳ ಆಡುತ್ತಿದ್ದ. ಆದರೆ ಇದು ಅವನದೇ ಮಾತು. ಜೀವಮಾನವಿಡೀ ಹೊಡೆದ ಹಾರ್ನೆಲ್ಲ ಒಂದೇ ಸಲ ವಾಪಸ್ಸು ಬಂದು ಬಡಿದಂತಾಗಿ ಅವನು ಕಂಗಾಲಾದ. "ತಪ್ಪಾಯ್ತು ಸಾರ್, ಮೇಲ್ಗಡೆ ನೋಡ್ತಾ ಇದ್ಬುಟ್ಟೆ," ಎಂದು ಗೊಣಗಿ ಹತ್ತಿಯೇ ಬಿಟ್ಟ. ಹಿಂದೆ ಸೋಮಮ್ಮ ಹತ್ತಿದಳು. "ಇಪ್ಪತ್ನಾಲ್ಕು, ರೈಟ್!" ಎಂದು ಗೈಡು ಸೀಟಿ ಊದಿದ.

ಬಸ್ಸು ಕೆ.ಆರ್. ಸರ್ಕಲ್ಲು ಸುತ್ತುವಾಗ ಪುಟ್ಟಮಾದಯ್ಯನಿಗೆ ಎಚ್ಚರವಾಯಿತು.

"ಸೋಮಿ, ಇದ್ಯಾವ್ ಬಸ್ಸು?"

"ನೀವ್ ಮಾಡಿರೋ ಬಸ್ಸಲ್ವಾ?"

"ನಾನೆಲ್ಲಿ ಮಾಡ್ದೆ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದು ಊರಿನ ಲಾಡ್ಜುಗಳಿಂದೆಲ್ಲ ಬೆಳಿಗ್ಗೆ ಜನ ತುಂಬಿಕೊಂಡು ಒಂದು ದಿನ ಮೈಸೂರು ತೋರಿಸುವ ಬಸ್ಸು. ಒಬ್ಬರ ಗುರುತು ಒಬ್ಬರಿಗಿಲ್ಲ. ಪುಟ್ಟಮಾದಯ್ಯ ಏಳಲು ಹೋದ. ಸೋಮಮ್ಮ ಅವನ ತೊಡೆಯ ಮೇಲೆ ಕೈಯಿಟ್ಟು ಕೂರಿಸಿದಳು. ಅವಳ ಕಣ್ಣಿನಲ್ಲಿ ನೀರಿತ್ತು. ನಗುವಿನ ನೀರು.

"ನಡು ರೋಡಲ್ಲಿ ಎಲ್ಲಿ ಇಳೀತೀರಿ? ಮುಂದೆ ನಿಲ್ಸಿದಾಗ ಗೈಡ್ಗೆ ಏಳಣ, ಕುಂತ್ಕಳಿ."

ಮುಂದೆ ನಿಲ್ಲಿಸಿದ್ದು ರೈಲು ಮ್ಯೂಸಿಯಮ್ಮಿನ ಮುಂದೆ. ಪುಟ್ಟಮಾದಯ್ಯ ಗೈಡಿನ ಬಳಿ ಹೋಗಿ, "ಸಾರ್, ಒಂದ್ ವಿಷ್ಯ..." ಎಂದು ಶುರು ಮಾಡಿದ. "ಟಾಯ್ಲೆಟ್ ಎಡಗಡೆ!" ಎಂದು ಹೇಳಿ ಗೈಡು ಟಿಕೆಟ್ ಕಿಟಕಿಗೆ ಓಡಿದ. ಎರಡನೆಯ ಸಲ "ಸಾರ್" ಅಂದಾಗ ಅವರ ಕೈಗೆ ಎರಡು ಟಿಕೆಟ್ ತುರುಕಿ, "ಮುಕ್ಕಾಲು ಗಂಟೆ, ವಿಶ್ವನಾಥ್ ಅಂತ ಕೂಗಿದ್ರೆ ಬರ್ತೀನಿ," ಎಂದು ಮಾಯವಾದ.

ಈ ಮ್ಯೂಸಿಯಮ್ಮಿನ ಗೋಡೆಯನ್ನು ಸೋಮಮ್ಮ ಮೂವತ್ತು ವರ್ಷ ಸಿಟಿ ಬಸ್ಸಿನ ಕಿಟಕಿಯಿಂದ ನೋಡಿದ್ದಳು. ಗೋಡೆಯ ಆಚೆ ಏನಿದೆ ಎಂದು ಯೋಚಿಸಲು ಬಸ್ಸು ಯಾವತ್ತೂ ಅಷ್ಟು ಹೊತ್ತು ನಿಂತಿರಲಿಲ್ಲ. ಈಗ ನೋಡಿದರೆ ಮಹಾರಾಣಿಯವರು ಓಡಾಡುತ್ತಿದ್ದ ರೈಲು ಡಬ್ಬಿ! ಅದರೊಳಗೆ ಅಡುಗೆಮನೆ ಕೂಡ. "ನೋಡಿ, ರಾಣಿಗೂ ಟ್ರಿಪ್ಗೆ ಓಗೋವಾಗ ಅಡ್ಗೆಮನೆ ಬೆನ್ ಬಿಟ್ಟಿಲ್ಲ," ಎಂದು ಅವಳು ಮರುಗಿದಳು. ಆಮೇಲೆ ಪುಟಾಣಿ ರೈಲು ಬಂತು. ಮೊಣಕಾಲು ಗದ್ದಕ್ಕೆ ತಾಗುವಂಥ ಸೀಟಿನಲ್ಲಿ ಇಬ್ಬರೂ ಮಡಚಿಕೊಂಡು ಕೂತರು. ಅದು ಕೂಗಿಕೊಂಡು ಹೊರಟದ್ದೇ ತಡ, ಸೋಮಮ್ಮ ಹಳಿಯ ಪಕ್ಕ ನಿಂತ ಪ್ರತಿಯೊಬ್ಬರಿಗೂ ಟಾಟಾ ಮಾಡಿದಳು. ಗುರುತಿಲ್ಲದ ಜನ ಟಾಟಾ ಮಾಡಿದರು. ಪುಟ್ಟಮಾದಯ್ಯನೂ ಕೈ ಎತ್ತಿದ. ಮೊದಲು ಅರ್ಧ, ಆಮೇಲೆ ಪೂರ್ತಿ.

ಒಂದು ಗಂಟೆಗೆ ಬಸ್ಸು ಊಟಕ್ಕೆಂದು ಒಂದು ಹೋಟೆಲಿನ ಮುಂದೆ ನಿಂತಿತು. ಪುಟ್ಟಮಾದಯ್ಯ ಬಸ್ಸಿನ ಮೆಟ್ಟಿಲ ಮೇಲೇ ನಿಂತುಬಿಟ್ಟ. ಇದೇ ಹೋಟೆಲಿಗೆ ಅವನು ನೂರಾರು ಸಲ ಜನ ಕರೆತಂದಿದ್ದ. ಅವರು ಮುಂದಿನ ಬಾಗಿಲಿನಿಂದ ಹೋದರೆ ಇವನು ಹಿಂದಿನ ಬಾಗಿಲಿನಿಂದ ಹೋಗಿ, ಅಡುಗೆಮನೆಯ ಪಕ್ಕದ ಡ್ರೈವರುಗಳ ರೂಮಿನಲ್ಲಿ ಉಣ್ಣುತ್ತಿದ್ದ. ಊಟ ಅದೇ. ಮೇಜು ಬೇರೆ.

"ಇಲ್ಲಿ ಬೇಡ ಸೋಮಿ, ನನ್ ಗುರ್ತಿನೋರವ್ರೆ."

"ಇದ್ರೆ ಇರ್ಲಿ. ನೀವೇನ್ ಕದ್ದಿದ್ದೀರಾ?" ಎಂದು ಅವಳು ಮುಂದಿನ ಬಾಗಿಲನ್ನು ತಾನೇ ತಳ್ಳಿಕೊಂಡು ಒಳಗೆ ಹೋದಳು. ಹೋಗಿ ಕಿಟಕಿ ಪಕ್ಕದ ಮೇಜು ಹಿಡಿದು, ಬಾಳೆಲೆಗೆ ನೀರು ಚಿಮುಕಿಸಿ ಒರೆಸಿ, ಮಹಾರಾಣಿಯಂತೆ ಕೂತಳು.

ಹೋಳಿಗೆ ಬಡಿಸುವ ಹೊತ್ತಿಗೆ ವಿಶ್ವನಾಥ ಪಟ್ಟಿ ಹಿಡಿದು ಬಂದ. ಒಬ್ಬೊಬ್ಬರ ಹೆಸರಿಗೂ ಗುರುತು ಹಾಕುತ್ತ ಇವರ ಮೇಜಿನ ಹತ್ತಿರ ನಿಂತ. "ಉಳಿದಿರೋದು ನೀವಿಬ್ರೇ. ದಾವಣಗೆರೆ ರುದ್ರಸ್ವಾಮಿಯವರು, ಪ್ರೇಮಲೀಲಾ ಮೇಡಮ್. ಸರಿ ಅಲ್ವಾ?"

ಪುಟ್ಟಮಾದಯ್ಯ ಬಾಯಿ ತೆರೆದ. ಹೋಳಿಗೆ ಅಡ್ಡ ಇತ್ತು. ಅಷ್ಟರಲ್ಲಿ ತುಪ್ಪದ ಗಿಂಡಿ ಹಿಡಿದು ಬಂದ ಹಿರಿಯ ಸಪ್ಲೈಯರು ಸಿದ್ದಪ್ಪಾಜಿ ಅವನನ್ನು ಕಂಡು ನಿಂತಲ್ಲೇ ನಿಂತ. ಬೆಳ್ಳಗಿನ ಮೀಸೆಯ ಕೆಳಗೆ ಬಾಯಿ ಅಗಲವಾಯಿತು.

"ಅಲೆಲೆ! ಪುಟ್ಟಮಾದಣ್ಣ! ಏನಣ್ಣ, ಮುಂದ್ಗಡೆ ಕೂತ್ಬುಟ್ಟಿದ್ದೀಯಾ? ಡ್ರೈವರ್ ರೂಮ್ನಾಗೆ ನಿನ್ನ ಎಲೆ ಆಕಿಲ್ಲ ಅಂತ ನಾನು ಹುಡುಕ್ತಿಲ್ವಾ ವಾರದಿಂದ!"

ವಿಶ್ವನಾಥ ಪಟ್ಟಿ ನೋಡಿದ, ಪುಟ್ಟಮಾದಯ್ಯನನ್ನು ನೋಡಿದ, ಮತ್ತೆ ಪಟ್ಟಿ ನೋಡಿದ. "ಪುಟ್ಟಮಾದಣ್ಣ ಯಾರು? ಹಂಗಾದ್ರೆ ರುದ್ರಸ್ವಾಮಿ ಎಲ್ಲಿ?" ಅವನ ದನಿ ಕೊನೆಗೆ ಕೀರಲಾಯಿತು.

ಪುಟ್ಟಮಾದಯ್ಯನ ನಗು ಆಗ ಹಾರಿಹೋಯಿತು. ಈ ಆಟದಲ್ಲಿ ಎಲ್ಲೋ ಇಬ್ಬರು ಬಸ್ಸು ತಪ್ಪಿಸಿಕೊಂಡು ನಿಂತಿದ್ದಾರೆ ಅನ್ನುವುದು ಅವನಿಗೆ ಹೊಳೆದೇ ಇರಲಿಲ್ಲ. ಅಷ್ಟು ವರ್ಷದ ಕೆಲಸದಲ್ಲಿ ಅವನು ಒಬ್ಬ ಪ್ಯಾಸೆಂಜರನ್ನೂ ಕಳೆದವನಲ್ಲ. ಈಗ ಪ್ಯಾಸೆಂಜರಾಗಿ ಕೂತು ಇಬ್ಬರನ್ನು ಕಳೆದಿದ್ದ. ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸಿ, "ತಪ್ಪು ನಂದೇ ಸಾರ್. ಅವ್ರ ನಂಬರ್ ಐತಲ್ಲ, ಫೋನ್ ಮಾಡಿ, ನಾನ್ ಮಾತಾಡ್ತೀನಿ," ಎಂದ.

ಫೋನ್ ತೆಗೆದದ್ದು ಒಬ್ಬ ಹೆಂಗಸು. ಪ್ರೇಮಲೀಲಾ. ದನಿಯಲ್ಲಿ ಗಾಬರಿಯ ಸುಳಿವೇ ಇರಲಿಲ್ಲ.

"ಹುಡುಕಿದ್ವಿ ರೀ ನಿಮ್ಮ ಬಸ್ಸನ್ನ. ಬಿಳೀ ಬಸ್ಸು ಅಂತ ಗೊತ್ತಿತ್ತು. ಅಲ್ಲಿ ನಿಂತಿದ್ದಾವೆಲ್ಲ ಬಿಳೀವೇ. ಆಮೇಲೆ ಬಿಟ್ಟುಬಿಟ್ವಿ."

"ಈಗ ಎಲ್ಲಿದ್ದೀರಮ್ಮ?"

"ಅದೇ ಗೊತ್ತಿಲ್ಲ. ಸುತ್ತ ಬರೀ ಹೂವು."

"ಹೂವಿನ ಪಕ್ಕ ಬಣ್ಣ ಬಣ್ಣದ ಕುಂಕುಮ ಗುಡ್ಡೆ ಆಕವ್ರಾ?"

"ಹೌದ್ರೀ! ಕಾಣ್ತಿದೆಯಾ ನಿಮಗೆ?"

"ದೇವರಾಜ ಮಾರ್ಕೆಟ್ಟು. ಅಲ್ಲೇ ಇರಿ ತಾಯಿ, ಕದಲ್ಬೇಡಿ. ಈಗ್ ಬಂದೆ."

ವಿಶ್ವನಾಥ ಕೈ ಕೈ ಹಿಸುಕಿಕೊಳ್ಳುತ್ತಿದ್ದ. "ಬಸ್ಸು ಝೂಗೆ ಹೋಗುತ್ತೆ. ಅಲ್ಲಿಗೆ ಕರ್ಕೊಂಡ್ ಬಂದ್ಬಿಡಿ ಯಜಮಾನ್ರೇ, ನಿಮ್ಮ ಕಾಲಿಗೆ ಬೀಳ್ತೀನಿ."

ಪುಟ್ಟಮಾದಯ್ಯ ಎದ್ದ. ಸೋಮಮ್ಮ ಅರ್ಧ ಹೋಳಿಗೆಯನ್ನು ಎಲೆಯ ತುಂಡಿನಲ್ಲಿ ಸುತ್ತಿಕೊಂಡು ಹಿಂದೆಯೇ ಓಡಿದಳು. ಮಾರ್ಕೆಟ್ಟಿನ ಒಳಗೆ ಬಾಳೆಹಣ್ಣಿನ ಸಾಲು ದಾಟಿ, ವೀಳ್ಯದೆಲೆ ಕಟ್ಟುವವರನ್ನು ದಾಟಿ ಹೂವಿನ ಸಾಲಿಗೆ ಬಂದರೆ, ಅಲ್ಲಿ ಒಂದು ಅಂಗಡಿಯ ಮೆಟ್ಟಿಲ ಮೇಲೆ ಹಣೆಗೆ ವಿಭೂತಿ ಹಚ್ಚಿದ ಎಪ್ಪತ್ತರ ಯಜಮಾನರೊಬ್ಬರು ಚುರುಮುರಿ ತಿನ್ನುತ್ತ ಕೂತಿದ್ದರು. ಪಕ್ಕದಲ್ಲಿ ಅವರ ಹೆಂಡತಿ. ಅವರ ಜಡೆಯಲ್ಲಿ ಎಷ್ಟು ಮಲ್ಲಿಗೆ ಇತ್ತೆಂದರೆ ಜಡೆಯೇ ಕಾಣುತ್ತಿರಲಿಲ್ಲ.

ಪುಟ್ಟಮಾದಯ್ಯ ಬಾಗಿ ಕೈ ಮುಗಿದ. "ಸ್ವಾಮಿ, ತಪ್ಪಾಗೋಯ್ತು. ನಿಮ್ಮ ಸೀಟ್ನಲ್ಲಿ ನಾವ್ ಕೂತ್ಬುಟ್ವಿ."

ರುದ್ರಸ್ವಾಮಿಯವರು ಅವನನ್ನು ಮೇಲಿಂದ ಕೆಳಗೆ ನೋಡಿದರು. ಎದ್ದು ಬೈಯುತ್ತಾರೆಂದು ಅವನು ಕಾದ. ಅವರು ಚುರುಮುರಿಯ ಪೊಟ್ಟಣ ಮುಂದೆ ಹಿಡಿದರು.

"ತಗೊಳ್ಳಿ. ನೀವು ಕೂತಿದ್ದೇ ಒಳ್ಳೇದಾಯ್ತು. ನಾನು ದಾವಣಗೆರೇಲಿ ನಲವತ್ತು ವರ್ಷ ಜವಳಿ ಅಂಗಡಿ ನಡೆಸಿದೋನು. ಬೆಳಿಗ್ಗೆ ಬೀಗ ತೆಗಿ, ಸಂಜೆ ಬೀಗ ಹಾಕು. ಇವಳು ಕೇಳಿ ಕೇಳಿ ಸಾಕಾಗಿ ಈಗ ಬಂದೆ. ಇಲ್ಲಿ ನೋಡಿದ್ರೆ ಆ ಹುಡುಗ ಸೀಟಿ ಊದ್ತಾನೆ. ಸೀಟಿಗೆ ಏಳು, ಸೀಟಿಗೆ ಕೂರು. ಅರಮನೇಲಿ ನಾನು ಕತ್ತೆತ್ತೋಕೇ ಹತ್ತು ನಿಮಿಷ ಬೇಕು, ಕತ್ತು ಹಿಡ್ಕೊಂಡಿರುತ್ತೆ."

"ಸುಳ್ಳು," ಎಂದರು ಪ್ರೇಮಲೀಲಾ. "ಫೋನಲ್ಲಿ ನಾನು ಹೇಳಿದ್ದೂ ಸುಳ್ಳೇ. ಬಸ್ಸು ಕಾಣಿಸಿತ್ತು. ಇವರೇ ನನ್ನ ಕೈ ಹಿಡಿದು ಕಂಬದ ಹಿಂದೆ ಎಳ್ಕೊಂಡ್ರು. 'ಹೋಗಲಿ ಬಿಡೇ' ಅಂದ್ರು. ಐವತ್ತು ವರ್ಷ ಆಯ್ತು ನಮ್ಮ ಮದುವೆಯಾಗಿ, ಇಂಥ ಕಳ್ಳಾಟ ಇವರು ಆಡಿದ್ದು ಇದೇ ಮೊದಲು!"

ರುದ್ರಸ್ವಾಮಿಯವರು ಕಿವಿ ತನಕ ಕೆಂಪಾದರು. ಸೋಮಮ್ಮ ಆ ಹೆಂಗಸಿನ ಪಕ್ಕ ದೊಪ್ಪನೆ ಕೂತು ಕೈ ಹಿಡಿದುಕೊಂಡಳು. ಎರಡು ನಿಮಿಷ ಇಬ್ಬರೂ ನಗುತ್ತಲೇ ಇದ್ದರು. ಆಮೇಲೆ ಸೋಮಮ್ಮ ಎಲೆ ಬಿಚ್ಚಿ ಹೋಳಿಗೆ ಮುರಿದು ಕೊಟ್ಟಳು. "ತಗಳಿ ಅಕ್ಕ, ನಿಮ್ ಪಾಲಿಂದೇ ಇದು."

"ಝೂಗೆ ಹೋಗ್ಬೇಕಲ್ಲ ಸ್ವಾಮಿ, ಬಸ್ಸು ಕಾಯ್ತೈತೆ," ಎಂದ ಪುಟ್ಟಮಾದಯ್ಯ.

"ನಿಮಗೆ ಈ ಊರು ಗೊತ್ತಾ?"

ಪುಟ್ಟಮಾದಯ್ಯ ಒಂದು ಗಳಿಗೆ ಯೋಚಿಸಿದ. ಬೆಳಿಗ್ಗೆಯವರೆಗೂ ಕೇಳಿದ್ದರೆ ಎದೆ ತಟ್ಟಿ ಹೇಳುತ್ತಿದ್ದ. "ರೋಡೆಲ್ಲ ಗೊತ್ತು ಸ್ವಾಮಿ. ಒಳಗೆ ಏನೈತೆ ಅಂತ ಈಗ ನೋಡ್ತಾ ಇದ್ದೀನಿ."

"ಹಾಗಾದ್ರೆ ನಾವೂ ನಿಮ್ಮ ಜೊತೆಗೇ. ಆ ಸೀಟಿಯವನಿಗೆ ಹೇಳಿಬಿಡಿ."

ವಿಶ್ವನಾಥನಿಗೆ ಫೋನ್ ಮಾಡಿದರೆ ಅವನು ಮೊದಲು ಬೇಡ ಎಂದ. ರುದ್ರಸ್ವಾಮಿಯವರೇ ಫೋನ್ ತೆಗೆದುಕೊಂಡು, "ನಾವು ಕ್ಷೇಮ, ಸಂತೋಷವಾಗಿದ್ದೀವಿ, ನಿನ್ನ ಮೇಲೆ ದೂರಿಲ್ಲ ಮಗು," ಎಂದ ಮೇಲೆ ಅವನು ಬಿಟ್ಟ ಉಸಿರು ಇವರ ತನಕ ಕೇಳಿಸಿತು.

ಆ ಮಧ್ಯಾಹ್ನಕ್ಕೆ ಸೀಟಿಯೂ ಇಲ್ಲ, ಪಟ್ಟಿಯೂ ಇಲ್ಲ. ನಾಲ್ವರೂ ಜಗನ್ಮೋಹನ ಅರಮನೆಗೆ ಹೋಗಿ ಚಿತ್ರಗಳನ್ನು ನೋಡಿದರು. ಒಂದೊಂದು ಚಿತ್ರದ ಮುಂದೆ ನಿಂತು ರುದ್ರಸ್ವಾಮಿಯವರು ಸೀರೆಯ ನೇಯ್ಗೆ ಯಾವುದೆಂದು ಹೇಳಿದರೆ, ಸೋಮಮ್ಮ ಚಿತ್ರದ ಹೆಂಗಸಿಗೆ ಆ ದಿನ ಮನೆಯಲ್ಲಿ ಏನು ಜಗಳ ನಡೆದಿರಬೇಕೆಂದು ಹೇಳಿದಳು. ಕಾವಲಿನವರು ಎರಡು ಸಲ ಬಂದು "ನಿಧಾನಕ್ಕೆ ನಗಿ" ಎಂದರು. ಆಮೇಲೆ ಒಂದು ಹೋಟೆಲಿಗೆ ನುಗ್ಗಿ, ಗಾಜಿನ ಉದ್ದ ಲೋಟದಲ್ಲಿ ಕೆಂಪು, ಬಿಳಿ, ಹಳದಿ ಪದರ ಪದರವಾಗಿ ಬರುವ ಫಲೂದಾ ತರಿಸಿದರು. ಅದರೊಳಗಿನ ಶ್ಯಾವಿಗೆ ಚಮಚಕ್ಕೆ ಸಿಗದೆ ಪ್ರೇಮಲೀಲಾ ಬೆರಳನ್ನೇ ಹಾಕಿದರು. ಉಳಿದವರೂ ಹಾಕಿದರು.

ಬಿಸಿಲು ಇಳಿಯುವ ಹೊತ್ತಿಗೆ ಟಾಂಗಾ ಹತ್ತಿದರು. ದೊಡ್ಡವರನ್ನು ಮುಂದೆ ಕೂರಿಸಿ ಪುಟ್ಟಮಾದಯ್ಯ, ಸೋಮಮ್ಮ ಹಿಂದಕ್ಕೆ ಮುಖ ಮಾಡಿ, ಕಾಲು ಇಳಿಬಿಟ್ಟುಕೊಂಡು ಕೂತರು. ಕುದುರೆ ನಡೆಯಿತು. ಪುಟ್ಟಮಾದಯ್ಯನಿಗೆ ಮೊದಲ ತಿರುವಿನಲ್ಲೇ ತಲೆ ತಿರುಗಿದಂತಾಯಿತು. ಅವನ ಆಯುಷ್ಯವಿಡೀ ರಸ್ತೆ ಅವನ ಮೇಲೆ ನುಗ್ಗಿಬಂದಿತ್ತು. ಆಟೋ, ಹಸು, ಸ್ಕೂಟರು, ಹಳ್ಳ, ಎಲ್ಲಕ್ಕೂ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಅವನು ಊರನ್ನು ನೋಡಿದ್ದ. ಈಗ ರಸ್ತೆ ಅವನನ್ನು ಬಿಟ್ಟು ಹಿಂದಕ್ಕೆ, ನಿಧಾನಕ್ಕೆ, ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಹೋಗುತ್ತ ಹೋಗುತ್ತ ಹಳೇ ಕಟ್ಟಡಗಳ ಕಮಾನು, ಗೋಪುರ, ಅವುಗಳ ಮೇಲೆ ಕೂತ ಪಾರಿವಾಳ, ಸಂಜೆಯ ಹಳದಿ ಬಿಸಿಲು ಎಲ್ಲವನ್ನೂ ತೋರಿಸುತ್ತಿತ್ತು.

"ಸೋಮಿ," ಎಂದ. "ಚೆನ್ನಾಗೈತೆ ಕಣೇ ನಮ್ಮೂರು."

"ಈಗ್ ಗೊತ್ತಾಯ್ತಾ?" ಎಂದು ಅವಳು ಅವನ ತೋಳಿಗೆ ತಲೆಯಾನಿಸಿದಳು. ನಡು ರಸ್ತೆಯಲ್ಲಿ, ಹಗಲು ಹೊತ್ತಿನಲ್ಲಿ, ಹಿಂದೆ ಬರುತ್ತಿದ್ದ ಅಷ್ಟೂ ಸ್ಕೂಟರಿನವರ ಎದುರಿಗೆ. ಪುಟ್ಟಮಾದಯ್ಯ ಅಲುಗಾಡದೆ ಕೂತ.

ಭಾನುವಾರವಾದ್ದರಿಂದ ಏಳು ಗಂಟೆಗೆ ಅರಮನೆಗೆ ದೀಪ ಹಾಕುತ್ತಾರೆ. ನಾಲ್ವರೂ ಜನರ ನಡುವೆ ನುಸುಳಿ ಮುಂದೆ ಹೋಗಿ ನಿಂತರು. ಮಸುಕು ಕತ್ತಲಲ್ಲಿ ಅರಮನೆ ಬೂದಿ ಬಣ್ಣದ ಮೋಡದಂತೆ ಕೂತಿತ್ತು. ಮಕ್ಕಳು ಅಪ್ಪಂದಿರ ಹೆಗಲ ಮೇಲಿದ್ದರು.

ದೀಪ ಹತ್ತಿಕೊಂಡಿತು. ಒಂದೊಂದಲ್ಲ, ಒಟ್ಟಿಗೆ, ನೆಲದಿಂದ ಕಳಶದವರೆಗೆ. ಸಾವಿರಾರು ಬಾಯಿಂದ "ಓ" ಎಂಬ ಸದ್ದು ಎದ್ದಿತು. ಆ ಸದ್ದನ್ನು ಸೀಳಿಕೊಂಡು, ಪುಟ್ಟಮಾದಯ್ಯನ ಕಿವಿಯ ಪಕ್ಕದಲ್ಲೇ, ಒಂದು ಸಿಳ್ಳೆ ಹೊರಟಿತು. ಎಂಥ ಸಿಳ್ಳೆ! ಉದ್ದವಾಗಿ, ಮೇಲಕ್ಕೇರಿ, ಕೊನೆಯಲ್ಲಿ ಬಾಲ ಮಡಚಿಕೊಂಡು ನಿಂತ ಸಿಳ್ಳೆ. ಅಷ್ಟು ಜನರೂ ಅರಮನೆ ಬಿಟ್ಟು ಇತ್ತ ತಿರುಗಿದರು.

ಸೋಮಮ್ಮ ಎರಡು ಬೆರಳನ್ನು ಇನ್ನೂ ಬಾಯಲ್ಲೇ ಇಟ್ಟುಕೊಂಡಿದ್ದಳು.

"ನೀನಾ?" ಎಂದ ಪುಟ್ಟಮಾದಯ್ಯ.

"ಊರಲ್ಲಿ ಮೇಕೆ ಕಾಯ್ತಿದ್ನಲ್ರೀ ಚಿಕ್ಕೋಳಿದ್ದಾಗ. ಎರ್ಡ್ ಗುಡ್ಡದಾಚೆ ಕೇಳ್ತಿತ್ತು ನನ್ ಸಿಳ್ಳೆ."

"ಮೂವತ್ನಾಲ್ಕು ವರ್ಷ ಆಯ್ತು. ಒಂದಿನಾನೂ ಹೇಳ್ಲಿಲ್ವಲ್ಲೇ!"

"ಮನೆ ಒಳ್ಗೆ ಸಿಳ್ಳೆ ಊದಕ್ಕೆ ಏನಿತ್ತು?"

ಪಕ್ಕದಲ್ಲಿ ನಿಂತಿದ್ದ ಒಂದು ಕಾಲೇಜು ಗುಂಪು "ಆಂಟಿ, ಒನ್ಸ್ ಮೋರ್!" ಎಂದು ಕೂಗಿತು. ಪ್ರೇಮಲೀಲಾ ಜಡೆಯಿಂದ ಒಂದು ಮಾರು ಮಲ್ಲಿಗೆ ಬಿಚ್ಚಿ ಸೋಮಮ್ಮನ ತುರುಬಿಗೆ ಸುತ್ತುತ್ತ, "ಊದೇ, ಊದು!" ಎಂದರು. ಸೋಮಮ್ಮ ಉಸಿರು ಎಳೆದುಕೊಂಡು ಇನ್ನೊಂದು ಊದಿದಳು. ರುದ್ರಸ್ವಾಮಿಯವರು ತಾವೂ ಎರಡು ಬೆರಳು ಬಾಯಿಗಿಟ್ಟು ಪ್ರಯತ್ನಪಟ್ಟರು. ಗಾಳಿ ಬಂತು. ಜೊತೆಗೆ ಒಂದಿಷ್ಟು ಚುರುಮುರಿಯ ವಾಸನೆಯೂ ಬಂತು.

"ನಾಲ್ಗೆ ಮಡ್ಚಿ ಸ್ವಾಮಿ, ನಾಲ್ಗೆ ಮಡ್ಚಿ," ಎಂದು ಸೋಮಮ್ಮ ಇಬ್ಬರು ಗಂಡಸರನ್ನೂ ಸಾಲಾಗಿ ನಿಲ್ಲಿಸಿ ಹೇಳಿಕೊಡತೊಡಗಿದಳು. ಪುಟ್ಟಮಾದಯ್ಯ ಕೆನ್ನೆ ಉಬ್ಬಿಸಿ, ಕಣ್ಣು ಮುಚ್ಚಿ, ನಾಲಿಗೆ ಮಡಚಿ ಊದಿದ. ಮೊದಲು ಏನೂ ಬರಲಿಲ್ಲ. ಎರಡನೆಯ ಸಲ ಉಗುಳು ಬಂತು. ಮೂರನೆಯ ಸಲ, ಸಣ್ಣಗೆ, ಬಿಸಿಲಿಗೆ ಬಾಯಿ ತೆರೆದ ಕೋಳಿಮರಿಯ ದನಿಯಲ್ಲಿ, ಒಂದು ಸಿಳ್ಳೆ ಬಂತು.